ನಾಲ್ಕನೇ ಮಹಡಿಯ ಬಾಗಿಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎನ್ನುತ್ತಿದ್ದರು. ಲಿಫ್ಟ್ ಕಂಪನಿಯೊಂದರ ದೂರು ವಿಭಾಗ ಅದು. ಕೆಳಗಿನ ಮಹಡಿಯಲ್ಲಿ ನಲವತ್ತು ಜನ ಫೋನ್ ಹಿಡಿದು ಗ್ರಾಹಕರ ದೂರು ಕೇಳುತ್ತಿದ್ದರು. ಮೇಲಿನ ಮಹಡಿಯಲ್ಲಿ ಕಿವಿಯಕ್ಕ ಮತ್ತು ಇನ್ನಿಬ್ಬರು ಕೂತು, ಆ ನಲವತ್ತು ಜನ ಹೇಗೆ ಕೇಳಿದರು ಎಂಬುದನ್ನು ಕೇಳುತ್ತಿದ್ದರು. ರೆಕಾರ್ಡ್ ಆದ ಕರೆಗಳಿಗೆ ಅಂಕ ಹಾಕುವುದು ಅವಳ ಕೆಲಸ. ನಮಸ್ಕಾರ ಹೇಳಿದರೆ ಐದು. ಗ್ರಾಹಕರ ಹೆಸರನ್ನು ಮೂರು ಸಲ ಬಳಸಿದರೆ ಹತ್ತು. ಕ್ಷಮೆ ಕೇಳಿದರೆ ಹತ್ತು, ದನಿಯಲ್ಲಿ ನಗು ಇಟ್ಟುಕೊಂಡು ಕೇಳಿದರೆ ಇನ್ನೈದು. ಕೊನೆಯಲ್ಲಿ 'ಇನ್ನೇನಾದರೂ ಸಹಾಯ ಬೇಕೇ' ಎನ್ನದೆ ಫೋನ್ ಇಟ್ಟರೆ ಹದಿನೈದು ಕಟ್. ದೂರು ಸರಿಹೋಯಿತೋ ಇಲ್ಲವೋ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ದಿನಕ್ಕೆ ಎಪ್ಪತ್ತು ಕರೆ ಮುಗಿಸಬೇಕು. ಇದ್ದ ವೇಗದಲ್ಲಿ ಕೇಳಿದರೆ ಮುಗಿಯುವುದಿಲ್ಲವೆಂದು ಎಲ್ಲರೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದರು. ಆರು ವರ್ಷ ಹಾಗೆ ಕೇಳಿ ಕೇಳಿ ಕಿವಿಯಕ್ಕನಿಗೆ ಮನೆಯವರ ಮಾತೆಲ್ಲ ಹಸುವಿನ ಮೆಲುಕಿನಷ್ಟು ನಿಧಾನ ಅನ್ನಿಸತೊಡಗಿತ್ತು. ಅವಳ ಅತ್ತೆ ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ಸೊಸೆ ಚಪ್ಪಲಿ ಬಿಡುವಷ್ಟರಲ್ಲಿ ಕೇಳುತ್ತಿದ್ದರು.

"ಇವತ್ತೇನು ಮಾಡಿದೆ?"

"ಕೇಳಿದೆ ಅತ್ತೆ."

"ಏನು ಕೇಳಿದೆ?"

"ಬೇರೆಯವರು ಹೇಗೆ ಕೇಳಿದ್ರು ಅಂತ."

"ಕೇಳಿ ಏನಾಯ್ತು?"

ಅತ್ತೆಯದು ಕೊಂಕಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಹಾಗೆ ನೋಡಿದರೆ ಕಿವಿಯಕ್ಕನಿಗೂ ಅಷ್ಟೇ. ಬೆಳಿಗ್ಗೆ ಬಸ್ಸು ಹತ್ತುವಾಗ ಕಾರಣವಿಲ್ಲದೆ ಎದೆ ಭಾರವಾಗುತ್ತಿತ್ತು. ಕನ್ನಡಕದ ಅಂಗಡಿ ನಡೆಸುವ ಗಂಡನಿಗೆ ಹೇಳಿದರೆ, "ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತೆ, ಕೂತು ಮಾಡೋ ಕೆಲಸ. ಇನ್ನೇನು ಬೇಕು ನಿನಗೆ?" ಎನ್ನುತ್ತಿದ್ದ. ಏನು ಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ಮಂಗಳವಾರ ಊಟ ಮುಗಿಸಿ ಬಂದು ಕೂತಾಗ ಮೂವತ್ತೆಂಟನೆಯ ಕರೆ ಕಿವಿಗೆ ಬಿತ್ತು. ಅದನ್ನು ಎತ್ತಿದ್ದವನು ಜೇನುದನಿ. ಅದೂ ಅಡ್ಡಹೆಸರೇ. ಕೆಳಮಹಡಿಯಲ್ಲಿ ಅವನಷ್ಟು ಅಂಕ ತೆಗೆಯುವವರು ಬೇರೆ ಯಾರೂ ಇರಲಿಲ್ಲ. ಆ ಕಡೆ ಮಾತಾಡುತ್ತಿದ್ದವರು ವಯಸ್ಸಾದ ಹೆಂಗಸು.

"ನೋಡಪ್ಪಾ, ನಮ್ಮ ನಾಲ್ಕನೇ ಮಹಡೀಲಿ ಬಾಗಿಲು ಎಳೆದ್ರೆ ತೆರ್ಕೊಳ್ಳುತ್ತೆ. ಒಳಗೆ ಲಿಫ್ಟೇ ಇರಲ್ಲ."

"ನಿಮಗಾದ ಅನಾನುಕೂಲಕ್ಕೆ ಕ್ಷಮೆ ಕೇಳ್ತೀನಿ ಮೇಡಂ. ಬಾಗಿಲು ತೆರೆಯೋದ್ರಲ್ಲಿ ತೊಂದರೆ ಅಂತ ಬರ್ಕೊಳ್ಲಾ?"

"ತೆರೆಯೋದ್ರಲ್ಲಿ ತೊಂದರೆ ಇಲ್ಲ. ತೆರೆಯೋದೇ ತೊಂದರೆ."

"ಅರ್ಥ ಆಯ್ತು ಮೇಡಂ. ನಿಮಗಾದ ಅನಾನುಕೂಲಕ್ಕೆ..."

"ಅನಾನುಕೂಲ ಅಲ್ಲಪ್ಪಾ ಅದು. ಬಾವಿ."

ಎರಡು ಕ್ಷಣ ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ ಜೇನುದನಿ ದೂರಿನ ಸಂಖ್ಯೆಯನ್ನು ಬಿಡಿಬಿಡಿಯಾಗಿ ಓದಿ ಹೇಳಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದ. "ಇನ್ನೇನು ಕೇಳ್ಲಿ, ಯಾರನ್ನಾದ್ರೂ ಕಳಿಸಿ" ಎಂದು ಆಕೆ ಫೋನ್ ಇಟ್ಟರು.

ಕಿವಿಯಕ್ಕ ತೊಂಬತ್ತೈದು ಅಂಕ ಹಾಕಿ ಮುಂದಿನ ಕರೆ ಒತ್ತಿದಳು. ಅದರ ಒಂದು ಮಾತೂ ತಲೆಗೆ ಹೋಗಲಿಲ್ಲ. ಹಿಂದಕ್ಕೆ ಹೋಗಿ ಆ ಕರೆಯನ್ನು ಮತ್ತೆ ಹಾಕಿದಳು, ಈ ಸಲ ಇದ್ದ ವೇಗದಲ್ಲೇ. ಆ ಹೆಂಗಸಿನ ದನಿ ನಡುಗುತ್ತಿದ್ದದ್ದು ಆಗ ಕೇಳಿಸಿತು. ದಿನಾಂಕ ನೋಡಿದಳು. ಒಂಬತ್ತು ದಿನ ಹಿಂದಿನದು. ದೂರಿನ ಪುಟದಲ್ಲಿ ಹೀಗಿತ್ತು: 'ಬಾಗಿಲು, ಶಬ್ದ ಅಥವಾ ವಿಳಂಬ. ಗ್ರಾಹಕರು ಮರುಕರೆ ಸ್ವೀಕರಿಸಲಿಲ್ಲ. ಮುಗಿದಿದೆ.'

ಮುಗಿದಿದೆ ಎಂಬ ಪದದ ಮೇಲೆ ಅವಳ ಕಣ್ಣು ನೆಟ್ಟಿತು. ಏನು ಮುಗಿದಿದೆ?

ಅವಳ ಸೂಪರ್‌ವೈಸರ್ ಯಾವಾಗಲೂ ಗಂಟಲಿನ ಮಾತ್ರೆ ಚೀಪುತ್ತಿದ್ದ ಮನುಷ್ಯ. ಎದ್ದು ಹೋಗಿ ಅವನಿಗೆ ಹೇಳಿದಳು. ಅವನು ಮಾತ್ರೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿದ.

"ಅದು ನಮ್ಮ ತಲೆನೋವಲ್ಲಕ್ಕಾ. ನೀವು ದನಿ ನೋಡಿ. ದೂರು ನೋಡ್ಬೇಡಿ."

"ಯಾರಾದ್ರೂ ಬಿದ್ರೆ?"

"ಬಿದ್ದಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿರಲಿಲ್ವಾ? ಸುಮ್ನೆ ಇಲ್ಲದ್ದನ್ನ ತಲೆಗೆ ಹಚ್ಕೋಬೇಡಿ. ಇವತ್ತು ಇನ್ನೂ ಮೂವತ್ತೆರಡು ಬಾಕಿ ಇದೆ ನಿಮ್ದು."

ರಿಪೇರಿ ವಿಭಾಗಕ್ಕೆ ಮೇಲ್ ಬರೆದಳು. 'ನಿಮ್ಮ ಸಂದೇಶ ನಮಗೆ ಅಮೂಲ್ಯ' ಎಂದು ಅರ್ಧ ನಿಮಿಷದಲ್ಲಿ ಯಂತ್ರದ ಉತ್ತರ ಬಂತು. ಆ ಮನೆಯ ನಂಬರಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಎತ್ತುವವರು ಇಲ್ಲವೋ, ಇದ್ದವರು ಎತ್ತುವ ಸ್ಥಿತಿಯಲ್ಲಿ ಇಲ್ಲವೋ ಎಂಬ ಯೋಚನೆ ಬಂದದ್ದೇ ಮತ್ತೆ ಅದೇ ನಂಬರು ಒತ್ತಿದಳು.

ಬುಧವಾರ ಅವಳು ಆಫೀಸಿನ ಲಿಫ್ಟ್ ಹತ್ತಲಿಲ್ಲ. ಬಾಗಿಲಿನ ಮುಂದೆ ಹಾದುಹೋಗುವಾಗಲೂ ಎದುರು ಗೋಡೆಯ ಬದಿಗೆ ಸರಿದು ನಡೆದಳು. ಪತ್ರಿಕೆಯ ಒಳಪುಟಗಳಲ್ಲಿ ಎಲ್ಲಾದರೂ ಲಿಫ್ಟ್ ಎಂಬ ಪದ ಇದೆಯೇ ಎಂದು ಹುಡುಕಿದಳು. ಇಲ್ಲದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇವತ್ತು ಬೀಳದಿದ್ದವರು ನಾಳೆ ಬೀಳಬಹುದು. ಬಿದ್ದರೆ ಅದು ಗೊತ್ತಿದ್ದೂ ಸುಮ್ಮನಿದ್ದವಳು ತಾನೊಬ್ಬಳೇ. ಅಂದು ಕೇಳಿದ ಕರೆಗಳಿಗೆಲ್ಲ ಕಣ್ಣು ಮುಚ್ಚಿ ಎಂಬತ್ತು ಎಂಬತ್ತು ಅಂಕ ಹಾಕಿದಳು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. "ಊರ ಉಸಾಬರಿ ನಿನಗ್ಯಾಕೆ?" ಎಂದ ಅವನು. ಅತ್ತೆ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ಎಷ್ಟು ದೂರ ಆ ಮನೆ?" ಎಂದು ಕೇಳಿದರು.

"ಎರಡು ಬಸ್ಸು."

"ಎರಡು ಬಸ್ಸು ಅಂದ್ರೆ ದೂರ ಏನಲ್ಲ" ಎಂದು ಅತ್ತೆ ಮತ್ತೆ ಊಟಕ್ಕೆ ತೊಡಗಿದರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಟ್ಟೆನೋವೆಂದು ಹೇಳಿ ಆಫೀಸಿನಿಂದ ಹೊರಟಳು. ಸುಳ್ಳೂ ಅಲ್ಲ ಅದು. ಗ್ರಾಹಕರ ವಿಳಾಸವನ್ನು ಸ್ವಂತಕ್ಕೆ ಬಳಸುವುದು ಕೆಲಸ ಕಳೆಯುವಂಥ ತಪ್ಪು. ಚೀಟಿಯಲ್ಲಿ ಬರೆದುಕೊಂಡರೆ ಸಾಕ್ಷಿಯಾಗುತ್ತದೆಂದು ಹೆದರಿ ಬಾಯಿಪಾಠ ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಜಪಿಸುತ್ತಾ, ಕಟ್ಟಡದ ಮುಂದೆ ಪೊಲೀಸರೋ ಜನರ ಗುಂಪೋ ಕಂಡರೆ ಇಳಿಯದೆ ಮುಂದೆ ಹೋಗಿಬಿಡುವುದೆಂದು ಒಮ್ಮೆ ನಿಶ್ಚಯಿಸಿದಳು. ಮರುಕ್ಷಣ ಆ ನಿಶ್ಚಯಕ್ಕೆ ನಾಚಿದಳು.

ಕಟ್ಟಡದ ಮುಂದೆ ಯಾರೂ ಇರಲಿಲ್ಲ. ಏಳು ಮಹಡಿಯ ಹಳೇ ಕಟ್ಟಡ, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಏದುಸಿರು ಬಂತು. ಅಲ್ಲಿ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಕಾಲ ಬಳಿ ನೀರಿನ ಬಾಟಲಿ, ಮಡಿಲಲ್ಲಿ ಪತ್ರಿಕೆ.

"ಮೇಲಕ್ಕಾದ್ರೆ ಮೆಟ್ಟಿಲಲ್ಲೇ ಹೋಗಿಮ್ಮಾ. ಲಿಫ್ಟಲ್ಲೇ ಹೋಗ್ಬೇಕು ಅಂದ್ರೆ ಕೆಳಗಿಳಿದು ಮೂರನೇ ಮಹಡೀಲಿ ಹತ್ತಿ" ಎಂದ.

"ಇಲ್ಲಿ ಯಾರಾದ್ರೂ ಬಿದ್ರಾ?" ಎಂದಳು ಅವಳು. ನಮಸ್ಕಾರ ಹೇಳುವುದೂ ಮರೆತಿತ್ತು.

"ಇನ್ನೂ ಇಲ್ಲ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುದುಕ ಬಾಟಲಿ ಕೊಟ್ಟ.

ಅವನು ನಿವೃತ್ತ ಬಸ್ ಕಂಡಕ್ಟರ್. ಅಂದು ಫೋನ್ ಮಾಡಿದ್ದವರು ಅವನ ಹೆಂಡತಿ. ಬಾಗಿಲಿನ ಬೀಗ ಕೆಟ್ಟದ್ದು ಮೊದಲು ಕಂಡದ್ದೂ ಆಕೆಗೇ. ತರಕಾರಿ ಚೀಲ ಹಿಡಿದು ಒಳಗೆ ಕಾಲಿಡಲು ಹೋದಾಗ ಕಾಲಿಗೆ ಏನೂ ಸಿಗದೆ, ಬಾಗಿಲಿನ ಹಿಡಿ ಹಿಡಿದು ನೇತಾಡಿ ಉಳಿದಿದ್ದರು. ಅಂದಿನಿಂದ ಆಕೆ ಮನೆಯಿಂದ ಹೊರಗೆ ಬಂದಿಲ್ಲ. ಫೋನ್ ರಿಂಗಾದರೂ ಬೆಚ್ಚುತ್ತಾರೆಂದು ಅದರ ಸದ್ದು ತೆಗೆದಿಟ್ಟಿದ್ದಾನೆ.

"ಹಗ್ಗ ಕಟ್ಟಿದ್ದೆ. ಸಾಮಾನು ಸಾಗ್ಸೋರು ಬಿಚ್ಚಿ ಹಾಕಿದ್ರು. ಚೀಟಿ ಅಂಟಿಸಿದೆ, ಓದೋರು ಯಾರು? ಅದಕ್ಕೇ ಕೂತೆ. ಇವತ್ತಿಗೆ ಹನ್ನೊಂದು ದಿನ."

"ಲಿಫ್ಟನ್ನೇ ನಿಲ್ಲಿಸ್ಬಹುದಿತ್ತಲ್ವಾ?"

"ಮೇಲಿನ ಕೋಣೆ ಬೀಗದಕೈ ಮಾಲೀಕನ ಹತ್ರ. ಅವನು ಫೋನ್ ಎತ್ತಲ್ಲ. ಎತ್ತಿದ್ರೂ ನಿಲ್ಲಿಸೋದು ಹೇಗೆ? ಆರನೇ ಮಹಡೀಲಿ ಒಬ್ರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ಸಲ ಗಾಲಿಕುರ್ಚೀಲಿ ಆಸ್ಪತ್ರೆಗೆ ಹೋಗ್ಬೇಕು." ಮುದುಕ ಪತ್ರಿಕೆ ಮಡಿಸಿದ. "ಮೂವತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತೋನು ನಾನು. ಬಾಗಿಲು ಕಾಯೋದು ಹೊಸದೇನಲ್ಲ. ಆದ್ರೆ ಸ್ನಾನಕ್ಕೆ ಹೋಗೋಷ್ಟು ಹೊತ್ತೂ ಜೀವ ಕೈಲಿ ಹಿಡ್ಕೊಂಡಿರ್ತೀನಿ."

ತಾನು ಯಾರೆಂದು ಅವಳು ಹೇಳಿದಳು. ಕಂಪನಿಯವಳು ಎಂದಾಕ್ಷಣ ಮುದುಕನ ಮುಖ ಅರಳಿತು. ರಿಪೇರಿಯವಳಲ್ಲ, ಅಂಕ ಹಾಕುವವಳು ಎಂದಾಗ ಬಾಡಿತು. ಆಮೇಲೆ ಏನೋ ಲೆಕ್ಕ ಹಾಕಿದವನಂತೆ, "ಒಂದು ಗಂಟೆ ಕೂತಿರ್ತೀರಾ? ಸ್ನಾನ ಮಾಡಿ ಎರಡು ತುತ್ತು ತಿಂದು ಬರ್ತೀನಿ" ಎಂದ.

ಕಿವಿಯಕ್ಕ ಕುರ್ಚಿಯಲ್ಲಿ ಕೂತಳು. ಬೆನ್ನ ಹಿಂದೆ ತೆಳು ಬಾಗಿಲು, ಅದರ ಹಿಂದೆ ನಾಲ್ಕು ಮಹಡಿಯ ಆಳ. ಲಿಫ್ಟ್ ಮೇಲೆ ಕೆಳಗೆ ಹೋಗುವಾಗ ಬಾಗಿಲಿನ ಸಂದಿಯಿಂದ ತಣ್ಣನೆಯ ಗಾಳಿ, ಗ್ರೀಸಿನ ವಾಸನೆ ಬಂದು ಕುತ್ತಿಗೆಗೆ ತಾಗುತ್ತಿತ್ತು. ಕಾಗದ ಹಂಚುವವನು ಬಂದ, ಶಾಲೆ ಬೇಗ ಬಿಟ್ಟಿದ್ದರಿಂದ ಅಕ್ಕತಂಗಿಯರಿಬ್ಬರು ಬಂದರು, ಕಿವಿ ಕೇಳದ ಅಜ್ಜಿಯೊಬ್ಬರಿಗೆ ಕೈಸನ್ನೆಯಲ್ಲಿ ಹೇಳಬೇಕಾಯಿತು. ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಅವಳು ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಮುಕ್ಕಾಲು ಗಂಟೆ ಕಳೆದಿರಬಹುದು. ಬಾಯಿ ಒಣಗಿ, ಮೆಟ್ಟಿಲ ಮೇಲಿಟ್ಟಿದ್ದ ಬಾಟಲಿ ತರಲು ನಾಲ್ಕು ಹೆಜ್ಜೆ ಆಚೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬಾತ ಕೆಟ್ಟ ಟೀವಿಯ ದೊಡ್ಡ ಡಬ್ಬ ಎದೆಗವಚಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಂದ. ಕುರ್ಚಿಯನ್ನು ಕಾಲಲ್ಲಿ ಸರಿಸಿ, ಮೊಣಕೈಯಿಂದ ಹಿಡಿ ಎಳೆದ. ಬಾಗಿಲು ತೆರೆದುಕೊಂಡಿತು. ಬೆನ್ನು ತಿರುಗಿಸಿ ಒಳಗೆ ಕಾಲು ಚಾಚಿದ.

ಅವಳು ಬಾಟಲಿ ಬಿಸಾಡಿದಳು. ಓಡಿಬಂದು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಡಬ್ಬದ ಸಮೇತ ಇಬ್ಬರೂ ನೆಲಕ್ಕೆ ಬಿದ್ದರು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಅವನು ರೇಗಿದ.

ಅವಳು ಬಾಗಿಲ ಕಡೆ ಬೆರಳು ತೋರಿಸಿದಳು. ಅವನು ತಿರುಗಿ ನೋಡಿದ. ಕತ್ತಲಲ್ಲಿ ಹಗ್ಗದಷ್ಟು ದಪ್ಪದ ತಂತಿಗಳು ಮೆಲ್ಲಗೆ ಅಲುಗುತ್ತಿದ್ದವು. ಅವನು ಎದ್ದು ಗೋಡೆಗೆ ಒರಗಿ ನಿಂತ. "ನಿನ್ನೆ ರಾತ್ರಿ ತಾನೆ ಊರಿಂದ ವಾಪಸ್ ಬಂದ್ವಿ. ನಸುಕಲ್ಲಿ ಮಗಳನ್ನ ಎತ್ಕೊಂಡು ಲಿಫ್ಟ್ ಹತ್ರ ಬಂದಿದ್ದೆ. ಅವಳು ಹಟ ಮಾಡಿದ್ಲು ಅಂತ ಮೆಟ್ಟಿಲಲ್ಲಿ ಇಳಿದೆ" ಎಂದ.

ಸದ್ದಿಗೆ ಕಂಡಕ್ಟರ್ ಒದ್ದೆ ತಲೆಯಲ್ಲೇ ಓಡಿಬಂದ. ಅವಳು ಮೊಬೈಲ್ ತೆಗೆದು ತನ್ನದೇ ಕಂಪನಿಯ ದೂರಿನ ನಂಬರು ಒತ್ತಿದಳು. ಒಂದು ವಿಷಯ ಅವಳಿಗೆ ಗೊತ್ತಿತ್ತು. ಎಂಥ ದೂರಾದರೂ ಸರದಿಯಲ್ಲೇ ಹೋಗುತ್ತದೆ. ಲಿಫ್ಟಿನೊಳಗೆ ಜನ ಸಿಕ್ಕಿಕೊಂಡಿದ್ದಾರೆ ಎಂದರೆ ಮಾತ್ರ ಸ್ಕ್ರೀನ್ ಕೆಂಪಾಗಿ, ನಲವತ್ತು ನಿಮಿಷದೊಳಗೆ ಮೆಕ್ಯಾನಿಕ್ ಬಂದೇ ಬರಬೇಕು.

"ನಮಸ್ಕಾರ, ತಮಗೆ ಹೇಗೆ ಸಹಾಯ ಮಾಡಲಿ?" ಫೋನ್ ಎತ್ತಿದವನು ಜೇನುದನಿ.

"ನಾನು ಕಣೋ, ಕಿವಿಯಕ್ಕ."

"ನಮಸ್ಕಾರ ಮೇಡಂ" ಎಂದ. ದನಿಗೆ ಇನ್ನಷ್ಟು ಜೇನು ಸುರಿದಿತ್ತು. "ಅಕ್ಕ, ಇದು ಪರೀಕ್ಷೆ ಕಾಲ್ ತಾನೆ?" ಎಂದು ಪಿಸುಗುಟ್ಟಿದ.

"ಅಲ್ಲ. ಮಾರ್ಕ್ಸ್ ಮರೆತುಬಿಡು. ಆವತ್ತು ಒಬ್ರು ಬಾವಿ ಅಂದಿದ್ರಲ್ಲ, ನೆನಪಿದ್ಯಾ? ಅದರ ಮುಂದೆ ನಿಂತಿದ್ದೀನಿ. ಈಗ ತಾನೇ ಒಬ್ರು ಬೀಳ್ತಿದ್ರು. ಕೆಂಪು ಒತ್ತು."

"ನಿಮಗಾದ ಅನಾನುಕೂಲಕ್ಕೆ..."

"ಅದನ್ನ ಬಿಡೋ, ಮಾರಾಯ."

"ಒಳಗೆ ಜನ ಇದ್ದಾರಾ ಅಕ್ಕ?"

"ಇಲ್ಲ. ಇಲ್ಲದಿದ್ದಾಗಲೇ ಒತ್ತು ಅಂತಿದ್ದೀನಿ."

ಅವನ ಸುತ್ತಲಿನ ಮೇಜುಗಳಿಂದ ಹತ್ತಾರು ದನಿಗಳು ಕ್ಷಮೆ ಕೇಳುತ್ತಿದ್ದವು. ಆಮೇಲೆ ಕೀಲಿಮಣೆಯ ಒಂದೇ ಒಂದು ಟಕ್ ಸದ್ದು.

"ಒತ್ತಿದೆ ಅಕ್ಕ" ಎಂದವನು ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳದೆ ಫೋನ್ ಇಟ್ಟ.

ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್ ಬಂದ, ಹೆಗಲಿಗೆ ಚೀಲ, ಮುಖವೆಲ್ಲ ಬೆವರು. ಒಳಗೆ ಯಾರೂ ಸಿಕ್ಕಿಕೊಂಡಿಲ್ಲ ಎಂದು ತಿಳಿದು ಬಾಯಿಗೆ ಬಂದಂತೆ ಬೈದ. ಕಿವಿಯಕ್ಕ ಬೈಸಿಕೊಂಡಳು. ಆಮೇಲೆ ಅವನು ಬಾಗಿಲು ಎಳೆದ. ಟಾರ್ಚ್ ಹಾಕಿ ಬೀಗದ ಪೆಟ್ಟಿಗೆಯೊಳಗೆ ನೋಡಿ ಹೆಗಲ ಚೀಲ ಕೆಳಗಿಟ್ಟ. ಬಾಗಿಲು ತೆರೆದಿದ್ದರೆ ಲಿಫ್ಟ್ ಓಡಬಾರದು. ಆದರೆ ಅದು ಪದೇಪದೇ ನಿಲ್ಲುತ್ತದೆಂದು ಯಾರೋ ಒಂದು ತುಂಡು ವೈರಿನಿಂದ ಆ ತಡೆಯನ್ನೇ ತಪ್ಪಿಸಿದ್ದರು.

"ನಮಗೆ ಬಂದಿದ್ದ ಚೀಟೀಲಿ ಬಾಗಿಲು ಸದ್ದು ಮಾಡುತ್ತೆ ಅಂತ ಇತ್ತು" ಎಂದ ಮೆಕ್ಯಾನಿಕ್. "ಸದ್ದಿಗೆಲ್ಲ ಯಾರು ಓಡಿಬರ್ತಾರೆ? ದಿನಕ್ಕೆ ಇಂಥವು ನೂರು ಬರ್ತವೆ. ಬಾವಿ ಅಂತ ಬರೆದಿದ್ರೆ ಆವತ್ತೇ ಬರ್ತಿದ್ದೆ."

ಸಂಜೆ ನಾಲ್ಕಕ್ಕೆ ಹೊಸ ಬೀಗ ಕೂತಿತು. ಕಂಡಕ್ಟರ್ ಹತ್ತು ಸಲ ಎಳೆದು ನೋಡಿ, ಕುರ್ಚಿ ಮಡಿಸಿ ಒಳಗೊಯ್ದ. ಅವನ ಹೆಂಡತಿ ಬಾಗಿಲ ಸಂದಿಯಿಂದ ಇಣುಕಿದರು, ಹೊರಗೆ ಬರಲಿಲ್ಲ.

ಮರುದಿನ ಕಿವಿಯಕ್ಕನನ್ನು ಮ್ಯಾನೇಜರ್ ಕರೆಸಿದರು. ಮೆಲುದನಿಯ ಹೆಂಗಸು, ಬೈಯುವ ಜಾತಿಯಲ್ಲ. ಹಿಂದಿನ ದಿನದ ಆ ಕರೆಯನ್ನು ಪೂರ್ತಿ ಹಾಕಿ ಕೇಳಿಸಿ, "ಇದಕ್ಕೆ ನೀವೇ ಅಂಕ ಹಾಕಿ" ಎಂದರು.

"ನಮಸ್ಕಾರಕ್ಕೆ ಐದು. ಮಿಕ್ಕಿದ್ದು ಸೊನ್ನೆ" ಎಂದಳು ಕಿವಿಯಕ್ಕ. "ಆದ್ರೆ ಮೇಡಂ, ಆರು ವರ್ಷದಲ್ಲಿ ನಾನು ಕೇಳಿದ ಕರೆಗಳಲ್ಲಿ ಕೆಲಸ ಆಗಿದೆ ಅಂತ ನನಗೆ ಖಾತ್ರಿ ಇರೋದು ಇದೊಂದಕ್ಕೇ."

ಮ್ಯಾನೇಜರ್ ದನಿ ಏರಿಸಲಿಲ್ಲ. "ಅದೇ ಅರ್ಧ ಗಂಟೇಲಿ ಇನ್ನೊಂದು ಕಡೆ ನಿಜವಾಗ್ಲೂ ಯಾರಾದ್ರೂ ಸಿಕ್ಕಿಕೊಂಡಿದ್ರೆ? ಆ ಭಾಗಕ್ಕೆ ಇರೋದು ಒಬ್ಬನೇ ಮೆಕ್ಯಾನಿಕ್."

ಅವಳು ಅದನ್ನು ಯೋಚಿಸಿರಲಿಲ್ಲ. ತಪ್ಪು ತನ್ನದು, ಆ ಹುಡುಗನದಲ್ಲ, ತಾನೇ ಒತ್ತಿಸಿದ್ದು ಎಂದು ಮೂರು ಸಲ ಹೇಳಿದಳು. ಮ್ಯಾನೇಜರ್ ಬರೆದುಕೊಂಡರು. ಆದರೂ ತಿಂಗಳ ಕೊನೆಗೆ ಜೇನುದನಿಯ ಕರಾರು ಮುಂದುವರಿಯಲಿಲ್ಲ. ಅವಳು ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಳು.

"ಬಿಡಿ ಅಕ್ಕ" ಎಂದ. ದನಿಯಲ್ಲಿ ಜೇನಿರಲಿಲ್ಲ, ಸಾಧಾರಣ ಹುಡುಗನ ದನಿ. "ಆವತ್ತು ಆಕೆ ಬಾವಿ ಅಂದಾಗ ಏನು ಒತ್ಬೇಕು ಅಂತ ಹುಡುಕಿದ್ದೆ. ಪಟ್ಟೀಲಿ ಅದು ಇರ್ಲಿಲ್ಲ. ಸದ್ದು ಅಂತ ಒತ್ತಿದೆ. ಹತ್ತು ದಿನ ಊಟ ಸೇರಿರಲಿಲ್ಲ ನಂಗೆ."

ಈಗ ಅವನು ಔಷಧಿ ಅಂಗಡಿಯೊಂದರಲ್ಲಿದ್ದಾನೆ. ದಿನವಿಡೀ ನಿಂತು ಕಾಲು ನೋಯುತ್ತದಂತೆ. ಅವಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಎತ್ತಿದರೆ ಎತ್ತುತ್ತಾನೆ, ಇಲ್ಲದಿದ್ದರೆ ಇಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅಂಕದ ಕೆಲಸದಿಂದ ತೆಗೆದರು. ಎಲ್ಲಿ ಹಾಕುವುದೆಂದು ಮ್ಯಾನೇಜರ್ ಕಾಗದ ತಿರುವುತ್ತಿದ್ದಾಗ ಅವಳೇ ಕೇಳಿದಳು: ಮೆಕ್ಯಾನಿಕ್‌ಗಳಿಗೆ ಚೀಟಿ ಹೋಗುವ ಜಾಗಕ್ಕೆ ಕಳಿಸಿ. ಅದು ಊರಾಚೆಯ ಗೋದಾಮಿನ ಮೂಲೆ. ತಗಡಿನ ಮಾಡು, ಒಂದು ಮೇಜು, ಮೂರು ಫೋನು, ಎಲ್ಲೆಲ್ಲೂ ಎಣ್ಣೆ ಕೈಗುರುತು. ದರ್ಜೆ ಇಳಿಯಿತು, ಸಂಬಳವೂ. ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಬಸ್ ನಿಲ್ದಾಣದವರೆಗೆ ಬಿಟ್ಟುಬಂದ.

ಹೊಸ ಕೆಲಸದಲ್ಲಿ ಅವಳ ಆತಂಕ ಕಡಿಮೆಯಾಯಿತೆಂದರೆ ಸುಳ್ಳಾಗುತ್ತದೆ. ಮೊದಲ ವಾರ ಜನ ಸಿಕ್ಕಿಕೊಂಡ ಕೆಂಪು ಚೀಟಿ ಬಂದಾಗಲೆಲ್ಲ ಮ್ಯಾನೇಜರ್ ಕೇಳಿದ್ದ ಪ್ರಶ್ನೆ ನೆನಪಾಗುತ್ತಿತ್ತು. ಅನುಮಾನ ಬಂದ ಚೀಟಿಗಳಿಗೆಲ್ಲ ಅವಳು ತಿರುಗಿ ಫೋನ್ ಮಾಡಿ, "ಸದ್ದು ಅಂದ್ರೆ ಎಂಥ ಸದ್ದು, ಹೇಳಿ" ಎಂದು ಕೇಳುತ್ತಿದ್ದಳು. ಚೀಟಿಗಳು ರಾಶಿ ಬೀಳುತ್ತಿದ್ದವು, ಮೆಕ್ಯಾನಿಕ್‌ಗಳು ಗೊಣಗುತ್ತಿದ್ದರು.

ಎರಡನೇ ವಾರದ ಒಂದು ಮಧ್ಯಾಹ್ನ ಕೆಂಪು ಚೀಟಿ ಬಂತು. ಒಂದು ವಾಣಿಜ್ಯ ಕಟ್ಟಡದ ಲಿಫ್ಟಿನಲ್ಲಿ ಒಬ್ಬರೇ ಗಂಡಸು ಸಿಕ್ಕಿಕೊಂಡಿದ್ದರು, ದೀಪವೂ ಆರಿತ್ತು. ಮೆಕ್ಯಾನಿಕ್ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಲಿಫ್ಟಿನೊಳಗಿನ ಫೋನಿನ ಕರೆಯನ್ನು ಅವಳಿಗೇ ಜೋಡಿಸಿದರು.

"ಎಷ್ಟೊತ್ತಾಗುತ್ತೆ?" ಆ ಗಂಡಸಿನ ಉಸಿರು ಮೇಲೆ ಮೇಲೆ ಬರುತ್ತಿತ್ತು.

"ಇಪ್ಪತ್ತು ನಿಮಿಷ ಆಗ್ಬಹುದು. ಇನ್ನೂ ಜಾಸ್ತಿಯೂ ಆಗ್ಬಹುದು. ಸುಳ್ಳು ಹೇಳಲ್ಲ" ಎಂದಳು. "ಲಿಫ್ಟ್ ಬೀಳಲ್ಲ. ಗಾಳಿ ಬರುತ್ತೆ. ಗೋಡೆಗೆ ಒರಗಿ ಕೂತ್ಕೊಳ್ಳಿ."

"ಕೂತೆ. ಮೇಡಂ, ಮಾತಾಡ್ತಾ ಇರಿ. ಏನಾದ್ರೂ ಸರಿ."

ಅವಳು ಮಾತಾಡಿದಳು. ತಗಡಿನ ಮಾಡಿನಡಿ ಎಷ್ಟು ಸೆಕೆ ಎಂದು ಹೇಳಿದಳು. ಮೂಲೆಯಲ್ಲಿ ಮರಿ ಹಾಕಿರುವ ಬೆಕ್ಕು ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಹಿರಿಯ ಮೆಕ್ಯಾನಿಕ್‌ನ ಮೂಗಿಗೂ ಉಗುರು ತಾಗಿಸಿದೆ ಎಂದಳು. ಆತ ಎಷ್ಟು ಮರಿ ಎಂದು ಕೇಳಿದ. ನಾಲ್ಕು ಎಂದಳು. ಬಣ್ಣ ಕೇಳಿದ. ಅವಳು ಫೋನಿನ ವೈರು ಎಟಕುವಷ್ಟು ಬಗ್ಗಿ ನೋಡಿ ಒಂದೊಂದರ ಬಣ್ಣವನ್ನೂ ಹೇಳಿದಳು. ಆತನ ಉಸಿರು ನಿಧಾನವಾಗುತ್ತಿರುವುದು ಅವಳಿಗೆ ಕೇಳುತ್ತಿತ್ತು. ನಡುವೆ ಒಮ್ಮೆ ಇಬ್ಬರೂ ಸುಮ್ಮನಿದ್ದರು. ಆಗ ಆತ, "ಇದ್ದೀರಾ?" ಎಂದ.

"ಇದ್ದೀನಿ."

ಮೂವತ್ತೊಂದನೆಯ ನಿಮಿಷಕ್ಕೆ ಆ ಕಡೆಯಿಂದ ಲೋಹ ತಿಕ್ಕಿದ ಸದ್ದು ಬಂತು. ಮೆಕ್ಯಾನಿಕ್ ಯಾರನ್ನೋ ಬೈಯುತ್ತಿದ್ದದ್ದು ಕೇಳಿಸಿತು. ಆತ ಏನೂ ಹೇಳದೆ ಎದ್ದು ಹೋಗಿರಬೇಕು. ನೇತುಬಿದ್ದ ಫೋನು ಎರಡು ಸಲ ಗೋಡೆಗೆ ಬಡಿದು, ಯಾರೋ ಅದನ್ನು ಇಟ್ಟರು.

ಕಿವಿಯಕ್ಕನ ಕಿವಿ ಬಿಸಿಯಾಗಿತ್ತು, ಕೈ ಜೋಮು ಹಿಡಿದಿತ್ತು. ಎರಡನೇ ಫೋನು ಆಗಲೇ ರಿಂಗಾಗುತ್ತಿತ್ತು. ಅವಳು ಕೈ ಬದಲಿಸಿ ಅದನ್ನು ಎತ್ತಿದಳು.